ಅಡುಗೆಗುಂಟು, ಲೆಕ್ಕಕ್ಕಿಲ್ಲ

(1/4)

ಅಡುಗೆ ಪುಸ್ತಕಗಳ ಸರಣಿಯಲ್ಲಿ ಇವತ್ತು ಒಂದು ತಮಿಳು ಪುಸ್ತಕ: ‘ಸಮೈತ್ತು ಪಾರ್’. ಅಂದ್ರೆ ‘ಅಡುಗೆ ಮಾಡಿ ನೋಡು’. ಥೇಟ್ ನಾವು ಹೇಳೋ ಹಾಗೇ ಇದೆ ಅಲ್ವಾ? 1951ರಲ್ಲಿ ಮದರಾಸಿನಲ್ಲಿ ಮೊದಲ ಸಂಪುಟ ಬಂತು. ಬರೆದವರು ಎಸ್. ಮೀನಾಕ್ಷಿ ಅಮ್ಮಾಳ್. ತಮಿಳು ಬರದಿದ್ರೆ ಚಿಂತೆ ಬೇಡ, ‘ಕುಕ್ ಅಂಡ್ ಸೀ’ ಅನ್ನೋ ಹೆಸರಲ್ಲಿ ಇಂಗ್ಲಿಷಿನಲ್ಲೂ ಇದೆ.

ಹುಳಿ, ಸಾರು, ಕೂಟು, ಪಲ್ಯ, ಪಚಡಿ. ದಿನಾ ಮಾಡೋ ಅಡುಗೆಯೇ. ಅದರಲ್ಲಿ ಇತಿಹಾಸ ಏನಿದೆ ಅಂತೀರಾ? ಇದೆ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮಲ್ಲಿ ಅಡುಗೆ ಬಗ್ಗೆ ಬರೆಯೋದು ಹೊಸದೇನಲ್ಲ. 12ನೇ ಶತಮಾನದಲ್ಲಿ ಕಲ್ಯಾಣದಿಂದ (ಈಗಿನ ಬಸವಕಲ್ಯಾಣ) ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ ಅನ್ನೋ ಸಂಸ್ಕೃತ ಗ್ರಂಥದಲ್ಲಿ ‘ಅನ್ನಭೋಗ’ ಅಂತಲೇ ಒಂದು ಭಾಗ ಇದೆ. ನಮ್ಮ ಇಡ್ಲಿಯ ಮುತ್ತಜ್ಜಿ ಅನ್ನಬಹುದಾದ ‘ಇಡ್ಡರಿಕಾ’ ಅಲ್ಲಿ ಸಿಗುತ್ತೆ. 16ನೇ ಶತಮಾನದ ಶುರುವಿನಲ್ಲಿ ಮೂರನೇ ಮಂಗರಸ ಕನ್ನಡದಲ್ಲಿ, ಅದೂ ಷಟ್ಪದಿಯಲ್ಲಿ, ‘ಸೂಪಶಾಸ್ತ್ರ’ ಬರೆದ. ಬದನೆಕಾಯಿಗೇ ಅಂತ ಒಂದು ಅಧ್ಯಾಯ ಇಟ್ಟ ಪುಣ್ಯಾತ್ಮ.

ಆದ್ರೆ ಒಂದು ಗಮನಿಸಿ. ಬರೆದವರು ದೊರೆ, ಕವಿ. ದಿನಾ ಒಲೆ ಊದಿ ಹೊಗೆ ಕುಡಿದವಳು ಬರೆದದ್ದಲ್ಲ.

(2/4)

ಮೀನಾಕ್ಷಿ ಅಮ್ಮಾಳ್ ಹುಟ್ಟಿದ್ದು 1905ರಲ್ಲಿ. ಚಿಕ್ಕ ವಯಸ್ಸಿಗೇ ಗಂಡನನ್ನ ಕಳ್ಕೊಂಡರು. ಮಡಿಲಲ್ಲಿ ಒಬ್ಬ ಮಗ, ಮೇಲೆ ಮನೆ ಜವಾಬ್ದಾರಿ. ಆ ಕಾಲದ ಬ್ರಾಹ್ಮಣ ಮನೆಗಳಲ್ಲಿ ವಿಧವೆಯ ಬದುಕು ಹೇಗಿತ್ತು ಅನ್ನೋದು ನಮಗೂ ಗೊತ್ತು; ನಮ್ಮ ಕಾದಂಬರಿಗಳಲ್ಲೇ ಬೇಕಾದಷ್ಟು ಓದಿದ್ದೀವಿ. ಎಷ್ಟೋ ಮನೆಗಳಲ್ಲಿ ಅಡುಗೆಯ ಭಾರ ಅಂಥವರದ್ದೇ, ಹೊಟ್ಟೆ ತುಂಬಾ ಉಣ್ಣೋ ಹಕ್ಕು ಮಾತ್ರ ಮನೆಯ ಉಳಿದವರದ್ದು.

ಮೀನಾಕ್ಷಿ ಅಮ್ಮಾಳ್ ಕೈರುಚಿಗೆ ಹೆಸರಾದವರು. ಊರು ಬಿಟ್ಟು ಹೋದ ನೆಂಟರಿಷ್ಟರು ‘ಇದನ್ನ ಹೇಗೆ ಮಾಡೋದು’ ಅಂತ ಕೇಳಿ ಬರೀತಿದ್ರು, ಇವರು ಉತ್ತರ ಬರೆದು ಕಳಿಸ್ತಿದ್ರು. ಇದನ್ನೆಲ್ಲ ಪುಸ್ತಕ ಮಾಡು ಅಂತ ಹುರಿದುಂಬಿಸಿದವರು ಅವರ ಬಂಧು ಕೆ.ವಿ. ಕೃಷ್ಣಸ್ವಾಮಿ ಅಯ್ಯರ್.

ಈ ಕಾಗದಗಳಲ್ಲೇ ವಿಷಯ ಇರೋದು. ಅಮ್ಮನ ಪಕ್ಕ ನಿಂತು ಕಲಿಯೋ ಮಗಳಿಗೆ ಪುಸ್ತಕ ಬೇಕಿಲ್ಲ. ಗಂಡನ ನೌಕರಿ ಅಂತ ಬೊಂಬಾಯಿಗೋ ದಿಲ್ಲಿಗೋ ಹೋಗಿ, ಎರಡು ಕೋಣೆ ಮನೆಯಲ್ಲಿ ಒಬ್ಬಳೇ ಸ್ಟವ್ ಹಚ್ಚೋಳಿಗೆ ಬೇಕು. ಅವಳಿಗೆ ‘ಹದ ನೋಡ್ಕೊಂಡು ಹಾಕು’ ಅಂದ್ರೆ ಏನೂ ತಿಳಿಯಲ್ಲ. ಎಷ್ಟು ಅಂತ ಹೇಳಬೇಕು. ಮುಂದೆ ಮದುವೆ ಹೆಣ್ಣಿಗೆ ಈ ಪುಸ್ತಕವನ್ನೇ ಉಡುಗೊರೆ ಕೊಡೋದು ತಮಿಳು ಮನೆಗಳಲ್ಲಿ ರೂಢಿ ಆಗಿಹೋಯ್ತು.

(3/4)

ನಾನು ಓದ್ತಿರೋದು ಬಿಕಾಂ. ಹಾಗಾಗಿ ನನ್ನ ತಲೆ ಓಡೋದೇ ಈ ‘ಎಷ್ಟು’ ಅನ್ನೋ ಕಡೆಗೆ.

ಅರ್ಥಶಾಸ್ತ್ರದಲ್ಲಿ ಪಿಗೂ ಅನ್ನೋರು 1920ರಲ್ಲಿ ಕೊಟ್ಟ ಒಂದು ಉದಾಹರಣೆ ಇದೆ. ಒಬ್ಬ ತನ್ನ ಮನೆಗೆಲಸದಾಕೆಯನ್ನೇ ಮದುವೆ ಆದ ಅಂತಿಟ್ಟುಕೊಳ್ಳಿ. ಅವಳು ಅದೇ ಕೆಲಸ ಮಾಡ್ತಾಳೆ. ಆದ್ರೆ ಸಂಬಳ ನಿಂತ ಕಾರಣ ರಾಷ್ಟ್ರೀಯ ಆದಾಯ ಕಮ್ಮಿ ಆಗುತ್ತೆ! ನಮ್ಮ ದೇಶದ 2019ರ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡೋರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡೀತಾರೆ, ಗಂಡಸರು 97 ನಿಮಿಷ. ಜಿಡಿಪಿಯಲ್ಲಿ ಇದು ಸೊನ್ನೆ. ಆಟಕ್ಕುಂಟು, ಲೆಕ್ಕಕ್ಕಿಲ್ಲ ಅಂತಾರಲ್ಲ, ಅದೇ.

‘ಸಮೈತ್ತು ಪಾರ್’ ಮಾಡಿದ್ದು ಇದರ ಉಲ್ಟಾ. ಕೈಯಲ್ಲಿದ್ದ ಕೆಲಸಕ್ಕೆ ಅಂಕಿ ಕೊಡ್ತು.

ನೀವೂ ಈ ಪುಸ್ತಕ ಹಿಡಿದು ಒಂದೊಂದೇ ಅಡುಗೆ ಮಾಡೋಕೆ ಹೊರಟ್ರೆ, ಹಳೇ ಮುದ್ರಣ ಸಿಕ್ಕಿದಾಗ ಒಂದು ತೊಡಕು ಎದುರಾಗುತ್ತೆ: ಆಳಾಕ್ಕು, ಪಡಿ ಅಂತ ಅಳತೆ. 8 ಆಳಾಕ್ಕು ಅಂದ್ರೆ 1 ಪಡಿ. ನಮ್ಮ ಕಡೆ 4 ಪಾವಿಗೆ 1 ಸೇರು ಅನ್ನೋ ಹಾಗೆ. ಪುಸ್ತಕ ಬಂದು ಐದು ವರ್ಷಕ್ಕೆ, 1956ರಲ್ಲಿ, ತೂಕ ಮತ್ತು ಅಳತೆಗಳ ಕಾಯ್ದೆ ಬಂತು. 1957ರಲ್ಲಿ ಆಣೆ ಹೋಗಿ ನಯಾಪೈಸೆ ಬಂತು, 1958ರಿಂದ ಕಿಲೋ ಗ್ರಾಂ ಬಳಕೆ ಶುರು. ಬರೆದಿಟ್ಟ ಅಳತೆಯೇ ಹಳತಾಯ್ತು.

ಆದ್ರೂ ಪುಸ್ತಕ ಸಾಯಲಿಲ್ಲ. ಯಾಕಂದ್ರೆ ಅಳತೆ ಬದಲಾದ್ರೂ ಪ್ರಮಾಣ ಬದಲಾಗಲ್ಲ. ಅಕ್ಕಿ, ಬೇಳೆ, ನೀರು ಎಲ್ಲದಕ್ಕೂ ಒಂದೇ ಲೋಟ ಇಟ್ಕೊಳ್ಳಿ, ಸಾಕು. ಮೀನಾಕ್ಷಿ ಅಮ್ಮಾಳ್ 1962ರಲ್ಲಿ ತೀರಿಕೊಂಡರು. 2001ರಲ್ಲಿ ಅವರ ಮೊಮ್ಮಗನ ಹೆಂಡತಿ ಪ್ರಿಯಾ ರಾಮ್‌ಕುಮಾರ್, ಪುಸ್ತಕವನ್ನ ಈಗಿನ ಅಡುಗೆಮನೆಗೆ ಹೊಂದಿಸಿ ಇಂಗ್ಲಿಷಿನಲ್ಲಿ ಮತ್ತೆ ತಂದರು.

(4/4)

ಈಗ ಮುಖ್ಯ ಮಾತು. ಬರೆದದ್ದು ಉಳಿಯುತ್ತೆ ಸರಿ, ಆದ್ರೆ ಯಾರ ಮನೆಯದ್ದು?

‘ಸಮೈತ್ತು ಪಾರ್’ ಒಂದು ಜಾತಿಯ ಅಡುಗೆಮನೆ. ಬರೆಯೋಕೆ ಅಕ್ಷರ, ಕಾಗದ ಕಳಿಸಿ ಕೇಳೋಕೆ ದೂರದ ಊರಲ್ಲಿ ನೌಕರಿಯಲ್ಲಿರೋ ನೆಂಟರು, ಅಚ್ಚು ಹಾಕಿಸೋಕೆ ಬೆಂಬಲ, ಮೂರೂ ಅಲ್ಲಿತ್ತು. ಇದು ಅವರ ತಪ್ಪಲ್ಲ. ಆದ್ರೆ ಅಂಥ ಪುಸ್ತಕಗಳೇ ಮೊದಲು ಬಂದಾಗ ‘ದಕ್ಷಿಣದ ಮನೆ ಊಟ’ ಅಂದ್ರೆ ಅದೇ ಅನ್ನೋ ಹಾಗಾಗುತ್ತೆ.

2015ರಲ್ಲಿ ಶಾಹೂ ಪಾಟೋಳೆ ಮರಾಠಿಯಲ್ಲಿ ಒಂದು ಪುಸ್ತಕ ತಂದರು: ‘ಅನ್ನ ಹೇ ಅಪೂರ್ಣ ಬ್ರಹ್ಮ’. ಅನ್ನ ಪೂರ್ಣಬ್ರಹ್ಮ ಅನ್ನೋ ಮಾತಿಗೆ ಒಂದು ‘ಅ’ ಸೇರಿಸಿದ್ರು, ಅಷ್ಟೇ. ಮರಾಠವಾಡದ ದಲಿತ ಮನೆಗಳ ಅಡುಗೆ ಅದರಲ್ಲಿದೆ. ತುಪ್ಪ, ಹಾಲು ಅಪರೂಪವಾಗಿದ್ದ, ಬೇರೆಯವರು ಬೇಡ ಅಂದ ಮಾಂಸದ ಭಾಗಗಳನ್ನೂ ಒಣಗಿಸಿಟ್ಟು ಉಣ್ತಿದ್ದ ಮನೆಗಳು. 2024ರಲ್ಲಿ ಅದು ಇಂಗ್ಲಿಷಿಗೂ ಬಂತು.

ಮರಾಠವಾಡ ನಮ್ಮ ಬೀದರ್‌ನ ಪಕ್ಕದ್ದೇ. 1956ರ ತನಕ ಎರಡೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಸೋಮೇಶ್ವರನ ಕಾಲದಲ್ಲಿ ಅದೆಲ್ಲ ಕಲ್ಯಾಣದ ಆಳ್ವಿಕೆಯೇ. ಅಂದ್ರೆ ಅದೇ ಸೀಮೆಯಲ್ಲಿ ದೊರೆಯ ತಟ್ಟೆ ಪುಸ್ತಕ ಸೇರಿ ಹತ್ತಿರ ಹತ್ತಿರ 900 ವರ್ಷ ಆದ ಮೇಲೆ ಕೇರಿಯ ತಟ್ಟೆಗೆ ಒಂದು ಪುಸ್ತಕ ಸಿಕ್ತು. ಅಲ್ಲಿವರೆಗೂ ಅಡುಗೆ ಇರಲಿಲ್ವಾ? ದಿನಾ ಇತ್ತು.

ಹಾಗಾಗಿ ಇದನ್ನ ಓದ್ತಿರೋ ನಿಮಗೆ ಒಂದು ಕೆಲಸ. ನಿಮ್ಮ ಮನೆಯ ಬಸ್ಸಾರೋ, ಪುಂಡಿ ಪಲ್ಯವೋ, ಒಣಮೀನಿನ ಸಾರೋ, ಯಾವುದಾದ್ರೂ ಒಂದನ್ನ ಲೆಕ್ಕಕ್ಕೆ ತನ್ನಿ. ‘ಎಷ್ಟು ಹಾಕ್ತೀಯ?’ ಅಂತ ಕೇಳಬೇಡಿ, ‘ಕಣ್ಣಳತೆ ಕಣೋ’ ಅನ್ನೋ ಉತ್ತರವೇ ಬರೋದು. ಬದಲಿಗೆ ಬಿಕಾಂ ಮೊದಲ ವರ್ಷದ ಪಾಠ ಬಳಸಿ: ಆರಂಭದ ದಾಸ್ತಾನು, ಕಳೆ ಕೊನೆಯ ದಾಸ್ತಾನು. ಅಡುಗೆಗೆ ಮುಂಚೆ ಖಾರದಪುಡಿ ಡಬ್ಬಿ, ಉಪ್ಪಿನ ಡಬ್ಬಿ, ಬೇಳೆ ಡಬ್ಬಿ ತೂಗಿ ಬರ್ಕೊಳ್ಳಿ. ಅವರ ಪಾಡಿಗೆ ಅವರು ಮಾಡ್ಲಿ. ಮುಗಿದ ಮೇಲೆ ಮತ್ತೆ ತೂಗಿ. ವ್ಯತ್ಯಾಸವೇ ಅಳತೆ.

ಮೇಲೆ ಅಡುಗೆಯ ಹೆಸರು ಬರೀರಿ. ಅದಕ್ಕೂ ಮೇಲೆ, ಮಾಡಿದವರ ಹೆಸರು.

#ಅಡುಗೆಇತಿಹಾಸ #ಸಮೈತ್ತುಪಾರ್ #ಮನೆಅಡುಗೆ #ಕನ್ನಡ