ಪುಣೆಗೆ ಬಂದು ಹೋದ ರಾಜಕುಮಾರ

ವಿಡಿಯೊ ಗೇಮ್‌ಗಳ ಇತಿಹಾಸದಲ್ಲಿ ನಮ್ಮ ಪುಣೆಗೂ ಒಂದು ಪುಟವಿದೆ. ಫ್ರಾನ್ಸಿನ ಯೂಬಿಸಾಫ್ಟ್ ಸಂಸ್ಥೆ 2008ರಲ್ಲಿ ಇಲ್ಲಿ ನೆಲೆಯೂರಿತು. ಅನ್ಯರು ರಚಿಸಿದ ಆಟಗಳನ್ನು ಪರೀಕ್ಷಿಸುವುದು, ಬೇರೆ ಬೇರೆ ಯಂತ್ರಗಳಿಗೆ ಹೊಂದಿಸುವುದು ಇಲ್ಲಿನವರ ಮುಖ್ಯ ಕೆಲಸಗಳಾಗಿದ್ದವು.

2020ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಹೊಣೆಯೊಂದು ಪ್ರಕಟವಾಯಿತು. ಕೆನಡಾದ ಮಾಂಟ್ರಿಯಲ್ ಸ್ಟುಡಿಯೋ 2003ರಲ್ಲಿ ನಿರ್ಮಿಸಿದ್ದ ‘ಪ್ರಿನ್ಸ್ ಆಫ್ ಪರ್ಷಿಯಾ: ದ ಸ್ಯಾಂಡ್ಸ್ ಆಫ್ ಟೈಮ್’ ಆಟದ ಮರುನಿರ್ಮಾಣ ಪುಣೆ, ಮುಂಬಯಿ ಸ್ಟುಡಿಯೋಗಳದೆಂದು ಸಂಸ್ಥೆ ಸಾರಿತು. ಬಿಡುಗಡೆ 2021ರ ಜನವರಿ 21ಕ್ಕೆ. ಬೆಲೆ 40 ಡಾಲರ್. ದೊಡ್ಡ ಆಟಗಳ ಬೆಲೆ ಆಗ ಸಾಮಾನ್ಯವಾಗಿ 60 ಡಾಲರ್. ಮೊದಲ ತುಣುಕು ಕಂಡೊಡನೆ, ಚಿತ್ರಗಳು ಹಳೆಯ ಕಾಲದವೆಂಬ ಟೀಕೆ ಎದ್ದಿತು. ಬಿಡುಗಡೆ ಮೊದಲು ಮಾರ್ಚಿಗೆ, ಬಳಿಕ ಅನಿರ್ದಿಷ್ಟ ಕಾಲಕ್ಕೆ ಮುಂದೆ ಹೋಯಿತು. 2022ರ ಮೇ ತಿಂಗಳಲ್ಲಿ ಕೆಲಸವೇ ಮಾಂಟ್ರಿಯಲ್‌ಗೆ ವರ್ಗವಾಯಿತು.

ಅರೆಬೆಂದುದನ್ನು ಮಾರದಿದ್ದದ್ದು ಗ್ರಾಹಕರಿಗೆ ಸಂದ ನ್ಯಾಯವೇ. ಆದರೆ ಕಡಿಮೆ ಬೆಲೆ, ಹತ್ತಿರದ ಗಡುವು ಇವು ವ್ಯಾಪಾರದ ನಿರ್ಧಾರಗಳು. ಅಪಕೀರ್ತಿಯೋ ಕೂತು ದುಡಿದವರ ಪಾಲಾಯಿತು. ಮಾಂಟ್ರಿಯಲ್‌ನಲ್ಲಿಯೂ ಆ ಆಟ ಬಿಡುಗಡೆಯ ದಿನವನ್ನು ಕಾಣಲಿಲ್ಲ. 2026ರ ಜನವರಿಯಲ್ಲಿ ಸಂಸ್ಥೆ ಅದನ್ನು ರದ್ದುಗೊಳಿಸಿತು.

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆ ನಮ್ಮಲ್ಲುಂಟು. ಎರಡನೆಯವರ ಕುಣಿತವೂ ನಿಂತುಹೋದ ಮೇಲಾದರೂ ನಾವು ಒಮ್ಮೆ ನೆಲವನ್ನು ನೋಡಬೇಕು. ಹೊಣೆಯನ್ನು ವರ್ಗಾಯಿಸುವ ಹಕ್ಕು ಸಂಸ್ಥೆಗಿದೆ. ದೋಷವನ್ನೂ ಹಾಗೆಯೇ ವರ್ಗಾಯಿಸುವ ಹಕ್ಕು ಯಾರಿಗೂ ಇಲ್ಲ.