ಕವಿ ತನ್ನ ಬಗ್ಗೆ ಹೇಳಿಕೊಂಡದ್ದು

ಪುಸ್ತಕವೊಂದನ್ನು ಕೈಗೆತ್ತಿಕೊಂಡವರು ಅದರ ಹಿಂಬದಿಯನ್ನೂ ಒಮ್ಮೆ ತಿರುಗಿಸಿ ನೋಡುತ್ತಾರೆ. ಅಲ್ಲಿ ಲೇಖಕರ ಭಾವಚಿತ್ರ, ಕೆಳಗೆ ನಾಲ್ಕಾರು ಸಾಲಿನ ಪರಿಚಯ ಇರುತ್ತದೆ. ಇದು ಮುದ್ರಣಯಂತ್ರದ ಜೊತೆಗೆ ಬಂದ ರೂಢಿಯೆಂದು ಅನೇಕರು ತಿಳಿದಿದ್ದಾರೆ. ಆದರೆ ಕನ್ನಡದ ಕವಿ ಸಾವಿರ ವರ್ಷಗಳಿಗೂ ಹಿಂದೆಯೇ ತನ್ನ ಪರಿಚಯವನ್ನು ತಾನೇ ಬರೆದಿಟ್ಟಿದ್ದಾನೆ. ಆ ಸಾಲುಗಳು ಇಲ್ಲದಿದ್ದರೆ ನಮ್ಮ ಸಾಹಿತ್ಯ ಚರಿತ್ರೆಯ ಆರಂಭದ ಅಧ್ಯಾಯಗಳನ್ನು ಬರೆಯುವುದೇ ಕಷ್ಟವಾಗುತ್ತಿತ್ತು.

ಪಂಪನನ್ನೇ ನೋಡೋಣ. ಕ್ರಿ.ಶ. ೯೪೧ರಲ್ಲಿ 'ಆದಿಪುರಾಣ'ವನ್ನು ಮುಗಿಸಿದ ಈ ಕವಿ ತನ್ನ ಪೂರ್ವಿಕರು ವೆಂಗಿ ನಾಡಿನವರೆಂದೂ ತನ್ನ ತಂದೆ ಜೈನಧರ್ಮವನ್ನು ಸ್ವೀಕರಿಸಿದನೆಂದೂ ತಿಳಿಸುತ್ತಾನೆ. ಆಶ್ರಯ ಕೊಟ್ಟ ಅರಿಕೇಸರಿಯನ್ನೂ, ಅವನು ಕೊಟ್ಟ ಧರ್ಮಪುರದ ಅಗ್ರಹಾರವನ್ನೂ ಹೆಸರಿಸುತ್ತಾನೆ. ಜೊತೆಗೆ ತನ್ನ ಕಾವ್ಯದ ಹಿರಿಮೆಯನ್ನು ಹೊಗಳಿಕೊಳ್ಳುವುದರಲ್ಲೂ ಅವನಿಗೆ ಸಂಕೋಚವಿಲ್ಲ.

ಒಬ್ಬನು ತನ್ನ ಬಗ್ಗೆ ತಾನೇ ಹೇಳಿಕೊಂಡದ್ದನ್ನು ನಂಬುವುದು ಹೇಗೆ? ವಿಜ್ಞಾನದ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆಯಿದು. ಪ್ರಯೋಗಶಾಲೆಯಲ್ಲಿ ಒಂದು ಅಳತೆಯನ್ನು ಇನ್ನೊಂದು ಸ್ವತಂತ್ರ ಅಳತೆಯಿಂದ ಪರೀಕ್ಷಿಸುತ್ತೇವೆ. ಪಂಪನ ವಿಷಯದಲ್ಲಿ ಅಂಥ ಎರಡನೆಯ ಸಾಕ್ಷಿ ಕಲ್ಲಿನ ಮೇಲಿದೆ. ತೆಲಂಗಾಣದ ಕರೀಂನಗರ ಸೀಮೆಯಲ್ಲಿ, ಕುರಿಕ್ಯಾಲದ ಬಳಿಯ ಬೆಟ್ಟದಲ್ಲಿ, ಪಂಪನ ತಮ್ಮ ಜಿನವಲ್ಲಭನು ಕನ್ನಡ, ಸಂಸ್ಕೃತ, ತೆಲುಗು ಈ ಮೂರೂ ಭಾಷೆಗಳಲ್ಲಿ ಬರೆಸಿದ ಶಾಸನವಿದೆ. ಅರಿಕೇಸರಿ ಕೊಟ್ಟ ಅಗ್ರಹಾರದ ಮಾತು ಅಲ್ಲಿಯೂ ಬರುತ್ತದೆ. ತಾಯಿ ಅಬ್ಬಣಬ್ಬೆಯ ಹೆಸರು ನಮಗೆ ಗೊತ್ತಾಗಿರುವುದೂ ಈ ಕಲ್ಲಿನಿಂದಲೇ. ಕವಿಯ ಆತ್ಮಪ್ರಶಂಸೆಯನ್ನು ಯಾವ ಕಲ್ಲೂ ಪರೀಕ್ಷಿಸಲಾರದು. ಊರು, ವಂಶ, ಕೊಡುಗೆ ಇವುಗಳನ್ನು ಪರೀಕ್ಷಿಸಬಹುದು; ಪರೀಕ್ಷೆಯಲ್ಲಿ ಅವು ಉಳಿದುಕೊಂಡಿವೆ.

ರನ್ನನ ಪರಿಚಯ ಇನ್ನೂ ಆತ್ಮೀಯವಾದುದು. ೯೯೩ರ 'ಅಜಿತಪುರಾಣ'ದಲ್ಲಿ ಅವನು ತನ್ನ ಊರು ಮುದುವೊಳಲು, ಅಂದರೆ ಇಂದಿನ ಮುಧೋಳ, ಎನ್ನುತ್ತಾನೆ. ತನ್ನದು ಬಳೆಗಾರರ ಕುಲವೆಂದು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಗುರು ಅಜಿತಸೇನಾಚಾರ್ಯರನ್ನು ನೆನೆಯುತ್ತಾನೆ. ಮಕ್ಕಳಿಗೆ ರಾಯ, ಅತ್ತಿಮಬ್ಬೆ ಎಂದು ಹೆಸರಿಟ್ಟದ್ದು ತನಗೆ ನೆರವಾದ ಚಾವುಂಡರಾಯ ಮತ್ತು ಅತ್ತಿಮಬ್ಬೆಯರ ನೆನಪಿಗೆ. ಇಲ್ಲಿ ಪರಿಚಯವೇ ಕೃತಜ್ಞತೆಯೂ ಆಗಿದೆ. ಚಿಕ್ಕದೇವರಾಜ ಒಡೆಯರ ಅರಮನೆಯ ಹೊನ್ನಮ್ಮ ಎಲೆಯಡಿಕೆಯ ಸಂಚಿ ಹಿಡಿಯುವವಳು. 'ಹದಿಬದೆಯ ಧರ್ಮ'ವನ್ನು ಬರೆದ ಅವಳನ್ನು ಇಂದಿಗೂ ಸಂಚಿಯ ಹೊನ್ನಮ್ಮ ಎಂದೇ ಕರೆಯುತ್ತೇವೆ. ಮಾಡುತ್ತಿದ್ದ ಕೆಲಸವೇ ಅವಳ ಗುರುತಾಯಿತು.

ಇದಕ್ಕೆ ವಿರುದ್ಧವಾದ ಉದಾಹರಣೆ ಕುಮಾರವ್ಯಾಸನದು. ಗದುಗಿನ ವೀರನಾರಾಯಣನೇ ಕವಿ, ತಾನು ಬರಿಯ ಲಿಪಿಕಾರ ಎಂಬ ಅವನ ವಿನಯ ದೊಡ್ಡದು. ಆದರೆ ಅವನು ತನ್ನ ಕಾಲವನ್ನು ತಿಳಿಸಲಿಲ್ಲ. ಅದನ್ನು ನಿರ್ಧರಿಸಲು ವಿದ್ವಾಂಸರು ದೀರ್ಘವಾಗಿ ಚರ್ಚಿಸಬೇಕಾಯಿತು. ೧೯೦೭ರಿಂದ ಮೂರು ಸಂಪುಟಗಳಲ್ಲಿ 'ಕರ್ಣಾಟಕ ಕವಿಚರಿತೆ'ಯನ್ನು ಸಿದ್ಧಪಡಿಸಿದ ಆರ್. ನರಸಿಂಹಾಚಾರ್ಯರಿಗೆ ಕವಿಗಳ ಇಂಥ ಸ್ವಂತ ಮಾತುಗಳೇ ಮುಖ್ಯ ಆಧಾರ. ಮಾತಿದ್ದಲ್ಲಿ ಚರಿತ್ರೆ ಸಿಕ್ಕಿತು, ಇಲ್ಲದಲ್ಲಿ ಊಹೆ ಉಳಿಯಿತು.

ಹೆಸರಿನ ಮುಂದಿನ ಅಕ್ಷರಗಳೂ ಪುಟ್ಟ ಪರಿಚಯವೇ. ತುಮಕೂರು ಜಿಲ್ಲೆಯ ತೀರ್ಥಪುರ ತೀ.ನಂ.ಶ್ರೀ. ಅವರ ಹೆಸರಿನಲ್ಲಿದೆ, ಶಿರಾ ತಾಲ್ಲೂಕಿನ ಬರಗೂರು ರಾಮಚಂದ್ರಪ್ಪನವರ ಹೆಸರಿನಲ್ಲಿದೆ. ಆದರೆ ಎಚ್ಚರ ಬೇಕು. ಬಿ.ಎಂ.ಶ್ರೀ. ಅವರ ಹೆಸರಿನಲ್ಲಿರುವುದು ಬೆಳ್ಳೂರು, ಅವರು ೧೮೮೪ರಲ್ಲಿ ಹುಟ್ಟಿದ್ದು ಸಂಪಿಗೆಯಲ್ಲಿ. ಹೆಸರು ಸುಳಿವು ಕೊಡುತ್ತದೆ, ಪುರಾವೆಯನ್ನಲ್ಲ.

ಈಗ ಕೋಟೆಯ ಬೆಟ್ಟದ ಕೆಳಗಿನ ಚನ್ನರಾಯನದುರ್ಗದ ವಿದ್ಯಾರ್ಥಿನಿಯೊಬ್ಬಳು ತನ್ನ ಊರಿನ ಚರಿತ್ರೆಯನ್ನು ಪುಸ್ತಕವಾಗಿ ಬರೆದಳೆಂದು ಭಾವಿಸಿ. ಹಿಂಬದಿಯ ಪರಿಚಯದಲ್ಲಿ ಅವಳು ಏನು ಬರೆಯಬೇಕು? 'ಉದಯೋನ್ಮುಖ ಪ್ರತಿಭೆ', 'ಬಹುಮುಖ ವ್ಯಕ್ತಿತ್ವ' ಎಂಬ ಮಾತುಗಳಿಂದ ಓದುಗನಿಗೆ ಏನೂ ತಿಳಿಯುವುದಿಲ್ಲ. ಹುಟ್ಟಿದ ವರ್ಷ, ಊರು, ತಾಲ್ಲೂಕು, ಓದು, ಕಸುಬು ಇವು ಬೇಕು. ಊರ ಹೆಸರುಗಳೂ ಸ್ಥಿರವಲ್ಲ: ಮಧುಗಿರಿ ಹಿಂದೆ ಮದ್ದಗಿರಿಯಾಗಿತ್ತು, ಇಂಗ್ಲಿಷಿನ ತುಮ್ಕೂರ್ ೨೦೧೪ರಲ್ಲಿ ಅಧಿಕೃತವಾಗಿ ತುಮಕೂರು ಆಯಿತು. ಆದ್ದರಿಂದ ತಾಲ್ಲೂಕು ಕೊರಟಗೆರೆ ಎಂದು ಸ್ಪಷ್ಟವಾಗಿ ಬರೆಯುವುದು ಒಳ್ಳೆಯದು. ಈ ವಿಷಯವನ್ನು ಬರೆಯಲು ತನಗೆ ಯಾವ ಸಂಬಂಧ, ಯಾವ ಅನುಭವ ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಬೇಕು. ಕೋಟೆಯ ಕಥೆಗಳನ್ನು ಹೇಳಿದ ಹಿರಿಯರಿಗೂ ಕಲಿಸಿದ ಗುರುಗಳಿಗೂ ಒಂದು ವಾಕ್ಯ ಮೀಸಲಿರಲಿ.

ನಮ್ಮ ಸಂವಾದ ಕಾರ್ಯಕ್ರಮಗಳಲ್ಲಿ ಅತಿಥಿಯ ಹೆಸರಿನ ಕೆಳಗೆ ಪರದೆಯ ಮೇಲೆ ಮೂಡುವುದು ಒಂದೇ ಸಾಲು, ಅದೂ ಕೆಲವೇ ಕ್ಷಣ. ಅಲ್ಲಿ ವಿಶೇಷಣಗಳಿಗೆ ಜಾಗವಿಲ್ಲ. ಈ ವ್ಯಕ್ತಿಯ ಮಾತನ್ನು ಏಕೆ ಕೇಳಬೇಕು ಎಂಬುದಕ್ಕೆ ಮಾತ್ರ ಜಾಗ. ಪುಸ್ತಕದಲ್ಲಿ ಜಾಗ ಸ್ವಲ್ಪ ಹೆಚ್ಚು, ಆಯುಷ್ಯ ಬಹಳ ಹೆಚ್ಚು. ನೂರು ವರ್ಷಗಳ ನಂತರ ಆ ಪುಟ್ಟ ಊರಿನ ಬಗ್ಗೆ ಹುಡುಕುವವರಿಗೆ ಅವಳ ಪುಸ್ತಕವೇ ಆಧಾರವಾಗಬಹುದು. ಬರೆದವಳು ಯಾರು, ಯಾವಾಗ ಬರೆದಳು ಎಂದು ತಿಳಿದರೆ ಮಾತ್ರ ಅವರು ಅದನ್ನು ತೂಗಿ ನೋಡಿ ನಂಬಬಲ್ಲರು.