ನಡುವಿಗೆ ಕೊಟ್ಟದ್ದು ಯಾರ ಪಾಲು?

ಫೋಟೋ ಎಡಿಟಿಂಗ್ ಕಲಿಸುವ ಈಗಿನ ಪಾಠಗಳಲ್ಲಿ, ಕಪ್ಪಿನಿಂದ ಬಿಳಿಯವರೆಗಿನ ಮಟ್ಟಗಳನ್ನು ಬದಲಿಸುವ ಗೆರೆಯಾದ ಟೋನ್ ಕರ್ವ್‌ಗೆ ಸಿಗುವುದು ಎರಡು ನಿಮಿಷ. ಗೆರೆಯನ್ನು ಒಂದು ಕಡೆ ಕೆಳಗೆ, ಇನ್ನೊಂದು ಕಡೆ ಮೇಲೆ ಎಳೆದು ಎಸ್ ಆಕಾರ ಮಾಡಿ, ಫೋಟೋಗೆ ‘ಪಂಚ್’ ಬರುತ್ತದೆ; ಅದೂ ರಗಳೆ ಎನಿಸಿದರೆ ಒಂದು ಪ್ರಿಸೆಟ್ ಹಾಕಿ ಮುಂದೆ ಹೋಗಿ. ಕಾಂಟ್ರಾಸ್ಟ್ ಹೆಚ್ಚಿಸುವ ಹಳೇ ಉಪಾಯ ಅದು, ಸ್ಲೈಡರ್ ಬಂದ ಮೇಲೆ ಅದರ ಕಾಲ ಮುಗಿಯಿತು ಎಂಬ ತಿಳಿವಳಿಕೆ ಹೀಗೆ ಬೇರೂರಿದೆ. ನಿಜದಲ್ಲಿ ಕರ್ವ್ ಕಾಂಟ್ರಾಸ್ಟನ್ನು ಹೊಸದಾಗಿ ಹುಟ್ಟಿಸುವುದೇ ಇಲ್ಲ, ಇರುವಷ್ಟನ್ನು ಹಂಚುತ್ತದೆ. 8 ಬಿಟ್ ಫೋಟೋದಲ್ಲಿ ಕಪ್ಪಿನ 0ಯಿಂದ ಬಿಳಿಯ 255ರವರೆಗೆ 256 ಮೆಟ್ಟಿಲು. ಅದರಲ್ಲಿ 64ನ್ನು 48ಕ್ಕೆ ಇಳಿಸಿ, 192ನ್ನು 208ಕ್ಕೆ ಏರಿಸಿದಿರಿ ಎನ್ನಿ. ನಡುವಿನ 128 ಮೆಟ್ಟಿಲಿನ ಅಂತರ 160 ಆಯಿತು, ಅಲ್ಲಿ ಕಾಂಟ್ರಾಸ್ಟ್ ಕಾಲುಪಾಲು ಏರಿತು. ಆದರೆ ಕಪ್ಪಿನ ಕಡೆಯ 64 ಮೆಟ್ಟಿಲುಗಳು 48ರೊಳಗೆ ಒತ್ತಿಕೊಂಡವು, ಬಿಳಿಯ ಕಡೆಯ ಗತಿಯೂ ಅದೇ. ಭದ್ರಾ ನಾಲೆಯ ಕೊನೇಭಾಗದ ದಾವಣಗೆರೆ, ಹರಿಹರದ ರೈತರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ: ಮೇಲಿನವರು ಎಷ್ಟು ತಿರುಗಿಸಿಕೊಂಡರು ಎಂಬುದರ ಮೇಲೆ ಕೊನೆಯ ಗದ್ದೆಗೆ ನೀರು. ಟೋನ್ ಕರ್ವ್‌ನ ಚರಿತ್ರೆಯನ್ನು ಈ ಹಂಚಿಕೆ ಯಾವ ಕಾಲಕ್ಕೆ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಯಿಂದ ಓದಿದರೆ ಮಾತ್ರ ಈಗಿನ ಅಸಡ್ಡೆ ಎಷ್ಟು ದುಬಾರಿ ಎಂದು ತಿಳಿಯುತ್ತದೆ.

ಮೊದಲ ಗೆರೆ ಎಳೆದವರು ಕಾರ್ಖಾನೆಯವರು. ಇಂಗ್ಲೆಂಡಿನ ವಿಡ್ನೆಸ್ ಪಟ್ಟಣದ ರಾಸಾಯನಿಕ ಉದ್ಯಮದಲ್ಲಿದ್ದ ಫರ್ಡಿನಾಂಡ್ ಹರ್ಟರ್ ಮತ್ತು ವೆರೋ ಡ್ರಿಫೀಲ್ಡ್, ಪ್ಲೇಟಿಗೆ ಬಿದ್ದ ಬೆಳಕನ್ನೂ ಅದರಿಂದಾದ ಕಪ್ಪನ್ನೂ ಅಳೆದು 1890ರಲ್ಲಿ ಗ್ರಾಫ್ ಮಾಡಿ ಪ್ರಕಟಿಸಿದರು. ಕೆಳಗೆ ಬಾಗಿದ ಪಾದ, ನಡುವೆ ನೇರ ಏರು, ಮೇಲೆ ಬಾಗಿದ ಭುಜ: ಇವತ್ತು ‘ಫಿಲ್ಮ್ ಲುಕ್’ ಎಂದು ಮಾರಾಟವಾಗುವುದು ಬಹುಪಾಲು ಇದೇ ಆಕಾರ. ಟೋನ್‌ಗಳ ಅನುಪಾತವನ್ನು ಕಲಾವಿದ ಮನಬಂದಂತೆ ಬದಲಿಸಲಾರ ಎಂಬ ಅವರ ತೀರ್ಮಾನದಿಂದ ಫೋಟೋಗ್ರಾಫರ್ ಪೀಟರ್ ಹೆನ್ರಿ ಎಮರ್ಸನ್ ಎಷ್ಟು ಕಂಗೆಟ್ಟರೆಂದರೆ, ಫೋಟೋಗ್ರಫಿ ಕಲೆ ಎಂಬ ತಮ್ಮದೇ ವಾದವನ್ನು ಹಿಂತೆಗೆದುಕೊಂಡರು. ಅವರದು ಅತಿಯಾಯಿತು. ಗೆರೆಯನ್ನು ತಿಳಿದವನು ಗೆರೆಯೊಳಗೇ ಆಯ್ಕೆ ಮಾಡಬಹುದೆಂದು 1940ರ ಹೊತ್ತಿಗೆ ಫೋಟೋಗ್ರಾಫರುಗಳಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ತಮ್ಮ ಝೋನ್ ಪದ್ಧತಿಯಿಂದ ತೋರಿಸಿಕೊಟ್ಟರು. ಡಾರ್ಕ್‌ರೂಮಿನವರಿಗೆ ಈ ಪದ್ಧತಿಯ ಹೆಸರು ಗೊತ್ತಿಲ್ಲದಿದ್ದರೂ ಸಾಫ್ಟ್ ಪೇಪರ್, ಹಾರ್ಡ್ ಪೇಪರ್ ಗೊತ್ತಿತ್ತು. ಪೇಪರ್ ಗ್ರೇಡ್ ಬದಲಿಸುವುದೆಂದರೆ ಗೆರೆಯ ಏರನ್ನು ಬದಲಿಸುವುದೇ.

ಕರ್ನಾಟಕದವರ ಕೈಯಲ್ಲಿ ಈ ಕಪ್ಪು ಬಿಳುಪಿನ ವಿದ್ಯೆ ಎತ್ತರಕ್ಕೆ ಹೋದದ್ದು ಫೋಟೋ ಸ್ಟುಡಿಯೋಗಳಾಚೆ. ಸಂಡೂರಿನ ಎಂ.ವೈ. ಘೋರ್ಪಡೆ ಕಾಡಾನೆಗಳನ್ನು ಕಪ್ಪು ಬಿಳುಪಿನಲ್ಲಿ ತೆಗೆದರು; 1983ರ ಅವರ ಪುಸ್ತಕದ ಹೆಸರಿನಲ್ಲೇ ಬಿಸಿಲು ನೆರಳುಗಳಿವೆ. ಆನೆಯ ಚರ್ಮ ಟೋನ್‌ನ ಕಠಿಣ ಪರೀಕ್ಷೆ: ಬೂದು ಬಣ್ಣದ ಕಿರಿದಾದ ಪಟ್ಟಿಯೊಳಗೆ ಸಾವಿರ ಸುಕ್ಕು, ಹಿಂದೆ ಕಣ್ಣು ಕುಕ್ಕುವ ಬಿಸಿಲು. ಮೈಸೂರಿನಲ್ಲಿ ಹುಟ್ಟಿದ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕನ್ನಡಿಯಿಂದ ಬಿಸಿಲನ್ನು ಸ್ಟುಡಿಯೋದೊಳಕ್ಕೆ ಹಾಯಿಸಿ ಬೆಳಕಿನ ಕಂಬ ನಿಲ್ಲಿಸಿದ್ದನ್ನು ಎಲ್ಲರೂ ಹೊಗಳುತ್ತಾರೆ. ಆ ಕಂಬದ ಸುತ್ತಲ ಕತ್ತಲು ಮಸಿಯಾಗದೆ ಉಳಿದದ್ದು ಅಷ್ಟೇ ದೊಡ್ಡ ಕೆಲಸ. ಊರಿನ ಸ್ಟುಡಿಯೋಗಳಲ್ಲಿ ಇದೇ ಹಂಚಿಕೆ ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದ ರೀಟಚರ್ ಕೈಯಲ್ಲಿತ್ತು. ಕೆನ್ನೆಯ ನೆರಳನ್ನು ಒಂದಿಷ್ಟು ಎತ್ತಿ, ಮೂಗಿನ ಏಣನ್ನು ಹಾಗೇ ಬಿಡುವ ಆ ಕೈಗಳ ಹೆಸರು ಪ್ರಿಂಟಿನ ಹಿಂದಿನ ರಬ್ಬರ್ ಮೊಹರಿನಲ್ಲಿ ಇರುತ್ತಿರಲಿಲ್ಲ.

ಕಲರ್ ಬಂದಾಗ ಹಂಚಿಕೆ ಊರಿನ ಕೈ ತಪ್ಪಿತು. ಕಲರ್ ನೆಗೆಟಿವ್ ತೊಳೆಯಲು 1972ರಲ್ಲಿ ಬಂದ ಸಿ-41 ವಿಧಾನದಲ್ಲಿ ಡೆವಲಪಿಂಗ್ ಎಂದರೆ ಸುಮಾರು 38 ಡಿಗ್ರಿ, ಮೂರೂಕಾಲು ನಿಮಿಷ. ಫಿಲ್ಮ್ ಯಾವುದಾದರೂ, ಮುಖ ಯಾರದಾದರೂ ಅಷ್ಟೇ. ಮಿನಿಲ್ಯಾಬ್ ಆಪರೇಟರ್ ಮುಂದೆ ಡೆನ್ಸಿಟಿ, ಸಯಾನ್, ಮಜೆಂಟಾ, ಯೆಲ್ಲೊ ಕೀಗಳಿದ್ದವು. ಅವುಗಳಿಂದ ಗೆರೆಯನ್ನು ಇಡಿಯಾಗಿ ಅತ್ತಿತ್ತ ಸರಿಸಬಹುದಿತ್ತು, ಬಗ್ಗಿಸಲು ಬರುತ್ತಿರಲಿಲ್ಲ. ಲ್ಯಾಬುಗಳ ಬಣ್ಣ ಹೊಂದಿಸಲು ಕೊಡಾಕ್ ಕಳಿಸುತ್ತಿದ್ದ ‘ಶರ್ಲಿ’ ಕಾರ್ಡಿನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಂಗಸಿನ ಮುಖ. ಆ ಮುಖಕ್ಕೆ ಸರಿಯಾದ ಪ್ರಿಂಟಿನಲ್ಲಿ ನಮ್ಮ ಹೊಲದಲ್ಲಿ ದುಡಿದ ಮುಖ ಮಣ್ಣಿನ ಮುದ್ದೆಯಾದರೆ, ‘ಅವರ ಬಣ್ಣವೇ ಹಾಗೆ’ ಎಂದು ಹೇಳಿ ಮುಗಿಸುವ ರೂಢಿ ಬಿತ್ತು. ಗಿರಾಕಿಗೆ ಬೆಳ್ಳಗಾಗುವ ಹುಚ್ಚು ಎಂದು ದೂರುವ ಮೊದಲು ಈ ಮೂವತ್ತು ವರ್ಷದ ಪ್ರಿಂಟುಗಳನ್ನು ಒಮ್ಮೆ ನೋಡಬೇಕು.

ಫೋಟೋಶಾಪ್ 1990ರಲ್ಲಿ ಹೊರಬಂದರೂ ದಾವಣಗೆರೆಯಂಥ ಊರಿನಲ್ಲಿ ಅದು ದಿನದ ಕೆಲಸವಾದದ್ದು ಸ್ಕ್ಯಾನರ್, ಡಿಟಿಪಿ ಕಂಪ್ಯೂಟರ್‌ಗಳ ಜೊತೆ, ಸುಮಾರು ಹತ್ತು ವರ್ಷ ತಡವಾಗಿ. ಕಂಟ್ರೋಲ್ ಎಂ ಒತ್ತಿದರೆ ತೆರೆಯುತ್ತಿದ್ದ ಕರ್ವ್ಸ್ ಚೌಕದ ಮುಂದೆ ಕುಳಿತ ತಲೆಮಾರಿಗೆ ಸಿಕ್ಕಿದ್ದು ಊರಿನಲ್ಲಿ ಹಿಂದೆ ಯಾರಿಗೂ ಇರದಿದ್ದ ಅಧಿಕಾರ: ಗೆರೆಯನ್ನು ಬೇಕಾದಲ್ಲಿ ಹಿಡಿದು ನಿಲ್ಲಿಸಿ, ಬೇಕಾದಲ್ಲಿ ಮಾತ್ರ ಬಗ್ಗಿಸುವುದು. ಈ ಕಾಲದ ಒಳ್ಳೆಯ ಪಂಥ ಫೋಟೋಶಾಪ್ ಶಿಕ್ಷಕ ಡ್ಯಾನ್ ಮಾರ್ಗುಲಿಸ್ ಅವರದು. 1994ರಲ್ಲಿ ಬಂದ ಅವರ ಪುಸ್ತಕ ಮಾನಿಟರನ್ನು ನಂಬಬೇಡಿ, ಅಂಕಿ ಓದಿ ಎಂದು ಕಲಿಸಿತು. ಇದು ಒಣ ಲೆಕ್ಕ ಎಂದವರು ಆಗಲೂ ಇದ್ದರು. ಆದರೆ ಮಾಸಿದ ಮಾನಿಟರ್, ಕಿಟಕಿಯ ಬಿಸಿಲು, ಮೇಲೆ ಟ್ಯೂಬ್‌ಲೈಟ್ ಇದ್ದ ಕೋಣೆಯಲ್ಲಿ ಅಂಕಿಯಷ್ಟು ಪ್ರಾಮಾಣಿಕವಾದದ್ದು ಬೇರೇನೂ ಇರಲಿಲ್ಲ.

ಹರಿಹರದ ಹರಿಹರೇಶ್ವರ ದೇವಸ್ಥಾನದ ಮಂಟಪವನ್ನೇ ತೆಗೆದುಕೊಳ್ಳಿ. 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ. ತಿರುಗಣೆಯಲ್ಲಿ ಕಡೆದಂತಿರುವ ಬಳಪದ ಕಲ್ಲಿನ ಕಂಬಗಳು ಒಳಗೆ ಮಬ್ಬು ಬೆಳಕಿನಲ್ಲಿ, ಹೊರಗೆ ಬಯಲುಸೀಮೆಯ ಬಿಸಿಲು. ಕಂಬದ ಬಳೆಗಳೆಲ್ಲ 40ರಿಂದ 90ರೊಳಗೆ ಬಿದ್ದಿವೆ ಎಂದುಕೊಳ್ಳೋಣ. ರೂಢಿಯ ಎಸ್ ಹಾಕಿದರೆ ಆ ಟೋನ್‌ಗಳ ಸುಮಾರು ಅರ್ಧ ಕೆಳಗಿನ ಬಾಗಿಗೆ ಸಿಕ್ಕಿ, ಅಲ್ಲಿ ಬಳೆ ಬಳೆಗೆ ಇದ್ದ ಅಂತರ ಕುಗ್ಗಿ ಕಂಬ ಇನ್ನಷ್ಟು ಕಪ್ಪಾಗುತ್ತದೆ. ಅದರ ಬದಲು 40ನ್ನು 35ಕ್ಕೂ 90ನ್ನು 115ಕ್ಕೂ ಕೊಂಡೊಯ್ದರೆ 50 ಮೆಟ್ಟಿಲು 80 ಆಗಿ, ಕಲ್ಲಿನ ಮೇಲಿನ ನುಣುಪು ಹೊಳಪು ಕೂಡ ಕಾಣಿಸಿಕೊಳ್ಳುತ್ತದೆ. 90ರ ಮೇಲಿನ 165 ಮೆಟ್ಟಿಲುಗಳಿಗೆ ಉಳಿಯುವುದು 140. ಹೊರಗಿನ ಅಂಗಳ ಸ್ವಲ್ಪ ಸಪ್ಪೆಯಾಗುತ್ತದೆ, ಆಗಲಿ, ಫೋಟೋ ಅಂಗಳದ್ದಲ್ಲ. ಆವರಗೆರೆ ಗೋಶಾಲೆಯ ನೆರಳಿನಲ್ಲಿ ನಿಂತ ಬಿಳಿ ಹಸುವಿಗೆ ಇದೇ ಕರ್ವ್ ಕೊಟ್ಟರೆ ಕೆಡುತ್ತದೆ. ಅಲ್ಲಿ ಏರು ಮೇಲ್ಭಾಗದಲ್ಲಿರಬೇಕು. ಒಂದೇ ಪ್ರಿಸೆಟ್ ಎರಡಕ್ಕೂ ಹೊಂದುತ್ತದೆ ಎನ್ನುವವನು ಎರಡನ್ನೂ ನೋಡಿಲ್ಲ.

ಬಣ್ಣದಲ್ಲಿ ಕರ್ವ್‌ನ ಕೆಲಸ ಇನ್ನೂ ಸೂಕ್ಷ್ಮ. ಕೆಂಪು, ಹಸಿರು, ನೀಲಿ ಚಾನೆಲ್‌ಗಳಿಗೆ ಒಂದೊಂದು ಗೆರೆ. ಕೆಂಪು ಇಳಿದರೆ ಸಯಾನ್, ಹಸಿರು ಇಳಿದರೆ ಮಜೆಂಟಾ, ನೀಲಿ ಇಳಿದರೆ ಹಳದಿ ಮುಂದೆ ಬರುತ್ತದೆ. ವೈಟ್ ಬ್ಯಾಲೆನ್ಸ್ ಇಡೀ ಫೋಟೋವನ್ನು ಸರಿಸಿದರೆ, ಚಾನೆಲ್ ಕರ್ವ್ ನೆರಳಿನ ಬಣ್ಣವನ್ನು ಮಾತ್ರ ತಿದ್ದಿ ಬೆಳಕಿನ ಬಣ್ಣವನ್ನು ಹಾಗೇ ಬಿಡಬಲ್ಲದು. ಅರಿಶಿನ ಶಾಸ್ತ್ರದ ಫೋಟೋದಲ್ಲಿ ಈ ಭೇದವೇ ಎಲ್ಲ: ಕೆನ್ನೆಯ ಹಳದಿ ಉಳಿಯಬೇಕು, ಶಾಮಿಯಾನ ಬಟ್ಟೆಯಿಂದ ನೆರಳಿಗೆ ಬಿದ್ದ ಹಳದಿ ಹೋಗಬೇಕು. ನಮ್ಮ ಚರ್ಮದಲ್ಲಿ ಸಾಮಾನ್ಯವಾಗಿ ಕೆಂಪು ಮೇಲೆ, ಹಸಿರು ನಡುವೆ, ನೀಲಿ ಕೆಳಗೆ. ಪ್ರಿಂಟಿನ ಭಾಷೆಯಲ್ಲಿ ಮಜೆಂಟಾಕ್ಕಿಂತ ಹಳದಿ ಹೆಚ್ಚು, ಮೈಬಣ್ಣ ಗಾಢವಾದಂತೆ ಸಯಾನ್‌ನ ಪಾಲೂ ಹೆಚ್ಚು. ‘ಫೇರ್’ ಮಾಡಲು ಹೊರಟು ನೀಲಿಯ ನಡುಭಾಗ ಎತ್ತಿದರೆ ಮುಖಕ್ಕೆ ಬೂದಿ ಬಳಿದಂತಾಗುತ್ತದೆ. ಮೂರೂ ಚಾನೆಲ್ ಒಟ್ಟಿಗೆ ಎತ್ತಿದರೂ ತೆರಬೇಕಾದ ಬೆಲೆ ಇದ್ದೇ ಇದೆ. 96ನ್ನು 150ಕ್ಕೆ ಒಯ್ದಿರಿ ಎಂದರೆ ಅದರ ಮೇಲಿನ 159 ಮೆಟ್ಟಿಲಿಗೆ ಸಿಗುವುದು 105. ಮುಖ ಬೆಳಗಿತು, ಆದರೆ ಮೂಗು ಕೆನ್ನೆಗಳ ಉಬ್ಬು ಇಳಿಯಿತು, ಮಲ್ಲಿಗೆಯ ಎಸಳು ಎಸಳಿಗೆ ಅಂಟಿತು, ಪಂಚೆಯ ಮಡಿಕೆ ಮಾಯವಾಯಿತು. ಕರಿಜ್ಮಾ ಎಂಬ ಮದುವೆ ಆಲ್ಬಮ್ಮುಗಳ ಮದುಮಕ್ಕಳು ಎಲ್ಲ ಊರಲ್ಲೂ ಒಂದೇ ತರಹ ಕಾಣುವುದಕ್ಕೆ ಮೇಕಪ್ಪಿನವರನ್ನು ಮಾತ್ರ ದೂರಿ ಪ್ರಯೋಜನವಿಲ್ಲ.

ಅಚ್ಚಿನವರು ಈ ಹಂಚಿಕೆಯನ್ನು ಇನ್ನಷ್ಟು ಕಷ್ಟಪಟ್ಟು ಕಲಿತರು. ನ್ಯೂಸ್‌ಪ್ರಿಂಟ್ ಶಾಯಿ ಹೀರಿ ಚುಕ್ಕೆ ಹಿಗ್ಗುತ್ತದೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರವೇ 50 ಪ್ರತಿಶತದ ಚುಕ್ಕೆ ಪತ್ರಿಕೆಯಲ್ಲಿ 76ರಷ್ಟಾಗಿ ಕಾಣುತ್ತದೆ. ಸ್ಕ್ರೀನಿನ ಮೇಲೆ ಚೆಂದವಿದ್ದ ಮುಖ ಬೆಳಗಿನ ಪೇಪರಿನಲ್ಲಿ ಮಸಿಯಾಗುವುದು ಇದರಿಂದ. ಅದನ್ನು ಮೊದಲೇ ಅಂದಾಜಿಸಿ ನಡುಭಾಗ ತೆಳುಗೊಳಿಸುವ ಕರ್ವ್ ಪ್ರತಿ ಪ್ರೆಸ್ಸಿಗೂ ಬೇರೆ. ಫ್ಲೆಕ್ಸ್‌ನವರ ಬಗ್ಗೆ ಹೆಚ್ಚು ಹೇಳುವಂತಿಲ್ಲ, ಅಲ್ಲಿ ಎಲ್ಲ ಮುಖಂಡರೂ ಒಂದೇ ಬಣ್ಣ.

2003ರಲ್ಲಿ ಕ್ಯಾಮೆರಾ ರಾ, 2007ರಲ್ಲಿ ಲೈಟ್‌ರೂಮ್ ಬಂದ ಮೇಲಿನ ಕಥೆ ಎಲ್ಲರಿಗೂ ತಿಳಿದದ್ದು. ಕ್ಯಾಮೆರಾದ ಸೆನ್ಸರ್ ಬೆಳಕನ್ನು ನೇರ ಗೆರೆಯಲ್ಲೇ ದಾಖಲಿಸುತ್ತದೆ. 18 ಪ್ರತಿಶತದ ಬೂದು ಸ್ಕ್ರೀನಿನಲ್ಲಿ 118ರ ಹತ್ತಿರ ಕೂರುವುದು ಸಾಫ್ಟ್‌ವೇರ್ ಒಳಗಿನ ಕರ್ವ್‌ನಿಂದ. ಅಂದರೆ ನಾವು ಮುಟ್ಟುವ ಮೊದಲೇ ಒಂದು ಹಂಚಿಕೆ ಆಗಿರುತ್ತದೆ. ಇಲ್ಲೊಂದು ಆಕ್ಷೇಪ ಉಂಟು, ಅದು ಹಗುರವಾದದ್ದಲ್ಲ. ಕರ್ವ್ ಕುರುಡು, 90 ಎಂಬ ಅಂಕಿ ಕಂಬದ್ದೋ ಕೂದಲಿನದೋ ಅದಕ್ಕೆ ತಿಳಿಯದು. ಹೊಸ ಹೈಲೈಟ್, ಶ್ಯಾಡೋ ಸ್ಲೈಡರ್‌ಗಳು ಸುತ್ತಲಿನ ಜಾಗ ನೋಡಿಕೊಂಡು ಕೆಲಸ ಮಾಡುತ್ತವೆ, ಮುಖವನ್ನು ತಾನೇ ಗುರುತಿಸುವ ಮಾಸ್ಕ್ ಬಂದಿದೆ, ಹಾಗಿದ್ದ ಮೇಲೆ ಗೆರೆ ಯಾಕೆ ಎಂಬುದು ಆ ವಾದ. ಒಪ್ಪಬೇಕಾದ ಭಾಗವನ್ನು ಒಪ್ಪೋಣ: ಬಿಸಿಲು ನೆರಳು ಬೆರೆತ ಬೀದಿಯ ಮೆರವಣಿಗೆಗೆ ಇಡೀ ಫೋಟೋಗೆ ಹಾಕಿದ ಒಂದೇ ಕರ್ವ್ ಸಾಲದು. ಮದುವೆ ಮಂಟಪದ ನೇರಳೆ ಎಲ್‌ಇಡಿಯಲ್ಲಿ ಹಸಿರು ಚಾನೆಲ್ ಸತ್ತೇಹೋಗಿದ್ದರೆ ಕರ್ವ್ ಏನೂ ಮಾಡಲಾರದು. ಆದರೆ ಮಾಸ್ಕ್ ‘ಎಲ್ಲಿ’ ಎಂಬುದನ್ನು ಮಾತ್ರ ಹೇಳುತ್ತದೆ; ‘ಎಷ್ಟು’, ‘ಯಾವುದರ ಬೆಲೆಗೆ’ ಎಂಬುದು ಆ ಮಾಸ್ಕ್ ಒಳಗೂ ಬಾಕಿ ಇರುತ್ತದೆ. ಸ್ಲೈಡರ್ ಆ ಬೆಲೆಯನ್ನು ಮರೆಮಾಡುತ್ತದೆ, ಗೆರೆ ಎದುರಿಗೇ ಇಡುತ್ತದೆ. ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್‌ನ ಫಿಲ್ಮಿಕ್ ಮಾಡ್ಯೂಲಿನಲ್ಲಿ ಪಾದ, ಭುಜ, ನಡುವಿನ ಏರು ಮತ್ತೆ ಗ್ರಾಫ್ ರೂಪದಲ್ಲೇ ಬಂದಿರುವುದು ಹಳೆಯದರ ಮೋಹದಿಂದಲ್ಲ.

ಗಿರಾಕಿ ಬೆಳ್ಳಗೇ ಕೇಳುತ್ತಾರೆ ಎನ್ನುವುದು ಸ್ಟುಡಿಯೋದವರ ಕೊನೆಯ ಮಾತು. ಕೇಳುತ್ತಾರೆ, ನಿಜ, ಅವರಿಗೆ ತೋರಿಸಿರುವುದೂ ಮಸಿ ಮುಖ, ಬೂದಿ ಮುಖ ಎರಡನ್ನೇ. ಗಾಢ ಮೈಬಣ್ಣದ ಟೋನ್ ಎಲ್ಲಿದೆಯೋ ಅಲ್ಲೇ ಏರು ಕೊಟ್ಟು, ಮೈಯ ಹೊಳಪನ್ನು ಹೊಳಪಾಗಿಯೇ ಉಳಿಸಿದ ಮೂರನೆಯ ಪ್ರಿಂಟನ್ನು ಪಕ್ಕದಲ್ಲಿಟ್ಟು ಆಮೇಲೆ ಕೇಳಬೇಕು. ಅದಕ್ಕೆ ಬೇಕಾದ ಅಳತೆಗಳು ನಮ್ಮ ಪಾಠಗಳಲ್ಲಿಲ್ಲ. ಕನ್ನಡದಲ್ಲಿ ಫೋಟೋಗ್ರಫಿ ಬಗ್ಗೆ ಬರುವ ಬರಹ ಕ್ಯಾಮೆರಾ, ಲೆನ್ಸ್ ದಾಟಿ ಪ್ರಿಂಟಿನ ತನಕ ಬರುವುದು ಅಪರೂಪ. ನಮ್ಮ ಮುಖಗಳನ್ನಿಟ್ಟು ಅಂಕಿ ಬರೆದ ಕಾರ್ಡು ಸ್ಟುಡಿಯೋಗಳ ಗೋಡೆಯ ಮೇಲಿಲ್ಲ. ಹಳೆಯ ರೀಟಚರುಗಳ ನೆಗೆಟಿವ್‌ಗಳು ಗುಜರಿಗೆ ಹೋಗುತ್ತಿವೆ. ದಾವಣಗೆರೆಯಲ್ಲಿ ದೃಶ್ಯಕಲಾ ಮಹಾವಿದ್ಯಾಲಯವಿದೆ, ಪತ್ರಿಕೆ ಅಚ್ಚು ಹಾಕುವ ಪ್ರೆಸ್ಸುಗಳಿವೆ, ಕಲರ್ ಲ್ಯಾಬುಗಳಿವೆ. ಕಪ್ಪಿನಿಂದ ಬಿಳಿಗೆ 21 ಮೆಟ್ಟಿಲಿನ ಒಂದು ಪಟ್ಟಿಯನ್ನೂ ಬೇರೆ ಬೇರೆ ಮೈಬಣ್ಣದ ಹತ್ತು ಮುಖಗಳನ್ನೂ ಒಂದೇ ಫೈಲಿನಲ್ಲಿಟ್ಟು ಲ್ಯಾಬ್ ಪೇಪರ್, ನ್ಯೂಸ್‌ಪ್ರಿಂಟ್, ಫ್ಲೆಕ್ಸ್ ಮೂರರಲ್ಲೂ ತೆಗೆದು, ಬಂದದ್ದನ್ನು ಅಳೆದು ಬರೆದಿಡಲು ಒಂದು ಸೆಮಿಸ್ಟರ್ ಸಾಕು.